ಇಸ್ತ್ರಿ ಮೇಜಿನ ಮಾಲೀಕ

ತಾರ್ನಾಕದ ಗುರುಬಸವ ದಿನಾ ನಸುಕಿನಲ್ಲೇ ಎದ್ದು ಸ್ವಂತ ಕಂಪನಿಗೆ ಹೋಗುತ್ತಾನೆ. ಅದು ಇರುವುದು ಅಡುಗೆಮನೆ ಪಕ್ಕದ ಇಸ್ತ್ರಿ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ. ಏಳೂವರೆಗೆ ಆಫೀಸಿನ ಬಸ್ಸು ಬರುವತನಕ ಅವನೇ ಮಾಲೀಕ, ಆಮೇಲೆ ಸಾವಿರಾರು ಇಂಜಿನಿಯರುಗಳಲ್ಲಿ ಒಬ್ಬ. ಗುಳಿಗೆ ಪ್ಯಾಕೆಟ್ಟಿನ ಫೋಟೊ ತೆಗೆದರೆ ಅದು ಯಾವ ರೋಗಕ್ಕೆ ಎಂದು ಕನ್ನಡದಲ್ಲಿ ಹೇಳುವ ಆ್ಯಪ್ ಅವನ ಕನಸು. "ಈ ಅಪ್ರೈಸಲ್ ಒಂದು ಮುಗೀಲಿ, ರಾಜೀನಾಮೆ ಕೊಟ್ಟಬಿಡ್ತೀನಿ" ಅನ್ನುತ್ತಲೇ ಆರು ಅಪ್ರೈಸಲ್ ಮುಗಿದವು. ಹಿಮಾಯತ್‌ನಗರದಲ್ಲಿ 'ಬಾಡಿಗೆಗಿದೆ' ಎಂಬ ಬೋರ್ಡು ಕಂಡರೆ ಸಾಕು, ಒಳಗೆ ಹೋಗಿ ಕಿಟಕಿ ತೆರೆದು, ಹತ್ತು ಜನ ಎಲ್ಲೆಲ್ಲಿ ಕೂರಬಹುದೆಂದು ನೋಡಿಕೊಂಡು, ವಾಚ್‌ಮನ್‌ಗೆ ತೆಲುಗಿನಲ್ಲಿ ಮತ್ತೆ ಬರುತ್ತೇನೆಂದು ಹೇಳಿ ಬರುತ್ತಾನೆ. ಅವನ ಹುರುಪು ಇಳಿಯುವುದು ಒಂದೇ ಮಾತಿಗೆ. "ಬಿಡೋದಾದ್ರ ಬಿಡ್ರಿ, ನನ್ನ ನೌಕರಿ ಐತಲ್ಲ" ಎಂದು ಹೆಂಡತಿ ಸುವರ್ಣಾ ಅಂದಾಗ ಮುಖ ಬಾಡುತ್ತದೆ. ಮೊನ್ನೆ ಅವಳು ಬಿಡದೆ ಕಾರಣ ಕೇಳಿದಳು. ಅವನೆಂದ: "ನೌಕರಿ ಬಿಟ್ಟು ಮಾಡಿದ ಮ್ಯಾಲೂ ಆಗಲಿಲ್ಲಂದ್ರ, ಆಮ್ಯಾಲೆ ಯಾವದಕ್ಕ ಆಸೆ ಪಡಲಿ, ಸುವರ್ಣಾ?" ಅವಳು ಮೇಲಿನ ಮನೆಯ, ಓದು ಬಾರದ ಶರಣಬಸಮ್ಮನನ್ನು ಗುಳಿಗೆ ಚೀಲದ ಸಮೇತ ಕರೆತಂದು ಅವನೆದುರು ಕೂರಿಸಿದಳು. "ಮೊದಲ ಯಾವ ಗುಳಿಗಿ ಯಾವದಕ್ಕಂತ ನಿಮ್ಮ ಆ್ಯಪಿಂದ ಇವರಿಗೆ ಹೇಳಸ್ರಿ," ಅಂದಳು, "ನೌಕರಿ ಮಾತು ಆಮ್ಯಾಲೆ."