ಖಾಲಿ ಟ್ಯಾಂಕಿನ ಒಳಗಿನ ಸದ್ದು

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆ ರಾತ್ರಿ ನಾನು ತುಂಬ ದಣಿದಿದ್ದೆ, ನಿಜ. ಆದರೆ ನಿದ್ದೆಗಣ್ಣಿನಲ್ಲಿ ಇರಲಿಲ್ಲ.

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ಫ್ಯಾಕ್ಟರಿ. ಗೋವಿನಜೋಳದಿಂದ ಸಕ್ಕರೆ ನೀರು ಮಾಡಿ, ಉಕ್ಕಿನ ದೊಡ್ಡ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಉಣಿಸುತ್ತೇವೆ. ಹಾಲು ಹೆಪ್ಪುಗಟ್ಟುವಾಗ ಆಗುವ ಹಾಗೆಯೇ, ಅವು ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಅದರಿಂದ ಬೇರೆ ಊರಿನಲ್ಲಿ ಪ್ಲಾಸ್ಟಿಕ್ ಮಾಡುತ್ತಾರೆ... ಲೋಟ, ತಟ್ಟೆ, ದವಾಖಾನೆಯಲ್ಲಿ ಗಾಯ ಹೊಲಿಯುವ, ಮೈಯಲ್ಲೇ ಕರಗುವ ದಾರ. ಎಷ್ಟು ತೊಳೆದರೂ ನಮ್ಮ ಬಟ್ಟೆಯ ಹುಳಿ ವಾಸನೆ ಹೋಗುವುದಿಲ್ಲ.

ಆ ವಾರ ಜನ ಕಡಿಮೆ. ಹಗಲೂ ನಾನೇ, ರಾತ್ರಿಯೂ ನಾನೇ. ಜೊತೆಗೆ ಸಹಾಯಕ್ಕೆ ಶೇಖರ. ಟ್ಯಾಂಕ್ ಖಾಲಿಯಾಗಿತ್ತು. ಸಂಜೆ ಜಕ್ಕಲಿಯ ಹನಮಪ್ಪ ಒಳಗಿಳಿದು ಬಿಸಿನೀರಿನಿಂದ ತೊಳೆದು ಹೋಗಿದ್ದ. ಇನ್ನು ಮುಚ್ಚಳ ಬಿಗಿದು ಸುಡುವ ಹಬೆ ಬಿಡಬೇಕು. ಬೇರೆ ಯಾವುದಾದರೂ ಕ್ರಿಮಿ ಉಳಿದರೆ ಮುಂದಿನ ಮಾಲೆಲ್ಲ ಕೆಡುತ್ತದೆ.

ಮುಚ್ಚಳದ ಬೋಲ್ಟು ಬಿಗಿದು, ಹಬೆಯ ವಾಲ್ವಿನ ಮೇಲೆ ಕೈಯಿಟ್ಟೆ.

ಠಕ್... ಠಕ್...

ಒಳಗಿನಿಂದ. ಬೆರಳಿನ ಗೆಣ್ಣುಗಳಿಂದ ಬಡಿದಂತೆ.

"ಬಿಸಿ ಉಕ್ಕು ಆರಾಕತ್ತೇತಿ, ಅದಕ್ಕ ಸದ್ದ, ಅಣ್ಣಾ," ಎಂದ ಶೇಖರ, ಮೆಲ್ಲಗೆ.

ಅದೇ ಆಗಿರಲಿ ಅನ್ನಿಸಿತು. ಬಿಗಿದ ಬೋಲ್ಟುಗಳನ್ನೆಲ್ಲ ಮತ್ತೆ ಬಿಚ್ಚುವ ತ್ರಾಣ ನನ್ನಲ್ಲಿರಲಿಲ್ಲ. ಅಷ್ಟರಲ್ಲಿ ಮತ್ತೆ ಬಡಿತ... ಈ ಸಲ ಅವಸರದಲ್ಲಿ.

ಇಬ್ಬರೂ ಸೇರಿ ಮುಚ್ಚಳ ತೆಗೆದೆವು. ಬ್ಯಾಟರಿ ಬಿಟ್ಟು ನೋಡಿದೆ. ಹೊಳೆಯುವ ಗೋಡೆ, ಕಲಕುವ ರೆಕ್ಕೆಗಳು, ಬರಿದಾದ ತಳ. ಕೂಗಿದೆ. ನನ್ನ ದನಿಯೇ ತಿರುಗಿ ಬಂತು. ಅದರ ಹಿಂದೆ ಬೆಚ್ಚನೆಯ ಹುಳಿ ವಾಸನೆ... ಈಗಷ್ಟೇ ಮಜ್ಜಿಗೆ ಕುಡಿದವರು ಮುಖದ ಹತ್ತಿರ ಉಸಿರು ಬಿಟ್ಟಂತೆ.

ಮುಚ್ಚಳ ಬಿಗಿದೆವು. ಹಬೆ ಬಿಟ್ಟೆ.

ಬುಸ್ಸೆನ್ನುವ ಸದ್ದಿನ ನಡುವೆ ಮತ್ತೆ ಶುರುವಾಯಿತು. ಈಗ ಮೇಲಿನಿಂದ, ಮುಚ್ಚಳದ ಕೆಳಗಿನಿಂದಲೇ.

ಶೇಖರ ನನ್ನ ತೋಳು ಹಿಡಿದ. "ನೋಡೀವಲ್ಲ, ಅಣ್ಣಾ... ಯಾರೂ ಇಲ್ಲ."

ಹೌದು, ಯಾರೂ ಇರಲಿಲ್ಲ. ನಾನು ವಾಲ್ವ್ ಮುಚ್ಚಲಿಲ್ಲ. ಬಡಿತ ನಿಧಾನವಾಯಿತು... ಆಮೇಲೆ ನಿಂತಿತು.

ಬೆಳಿಗ್ಗೆ ಮನೆಗೆ ಹೋಗದೆ ನೇರ ಜಕ್ಕಲಿಯ ಬಸ್ಸು ಹತ್ತಿದೆ. ಹನಮಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಸದ್ಯ, ಒಳಗಿದ್ದವನು ಇವನಲ್ಲ ಅಂದುಕೊಂಡು ಪಕ್ಕದಲ್ಲಿ ಕುಳಿತೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಕಪ್ಪು ಕೆಳಗಿಟ್ಟ.

"ನಾ ಒಳಗ ತೊಳಿಯೋಮುಂದ ಹೊರಗಿಂದ ಯಾರೋ ಹಂಗ ಬಡೀತಿರ್ತಾರ್ರಿ," ಎಂದ. "ನೀವ ಇರಬೇಕಂತ ತಿಳದಿದ್ದೆ."

ನಾನು ಒಮ್ಮೆಯೂ ಬಡಿದಿಲ್ಲ. ಶೇಖರನೂ ಇಲ್ಲ.

ಈಗಲೂ ಅಲ್ಲೇ ಕೆಲಸ. ಹಬೆ ಬಿಡುವ ಮುಂಚೆ ಟ್ಯಾಂಕಿನೊಳಗೆ ಬ್ಯಾಟರಿ ಬಿಟ್ಟು ನೋಡುತ್ತೇನೆ, ಮತ್ತೆ ನೋಡುತ್ತೇನೆ. ಆ ರಾತ್ರಿಯೂ, ಮುಚ್ಚಳದ ಕೆಳಗೆ ಬಡಿದಾಗ, ಹಬೆ ನಿಲ್ಲಿಸಿ ಇನ್ನೊಮ್ಮೆ ನೋಡಬೇಕಿತ್ತೇನೋ...