ಬೆಳ್ಳಿಗೆ ನಾನು ಕೊಡದ ನೀರು

ಅತ್ತಿಗೆ, ನಿಮ್ಮ ಬೆಳ್ಳಿಯನ್ನು ಕೊಂದದ್ದು ಕಾಯಿಲೆಯಲ್ಲ. ನಾನು. ಅದಕ್ಕೆ ಮೂರು ತಿಂಗಳು ತೆಗೆದುಕೊಂಡೆ — ಅವಸರವಿಲ್ಲದೆ, ಯಾರಿಗೂ ಅನುಮಾನ ಬಾರದ ಹಾಗೆ.

ನಿಮಗೆ ನಾಗಮಂಗಲಕ್ಕೆ ವರ್ಗವಾಗಿತ್ತು. ಸಿಕ್ಕಿದ ಬಾಡಿಗೆ ಕೋಣೆಯಲ್ಲಿ ಬೆಕ್ಕು ಸಾಕಲು ಮಾಲೀಕರು ಒಪ್ಪಲಿಲ್ಲ. ಬೇರೆ ಮನೆ ಸಿಗುವವರೆಗೆ ಗಂಜಾಂನ ನಮ್ಮ ಮನೆಯಲ್ಲೇ ಇರಲಿ ಎಂದಿರಿ. ಅದಕ್ಕೆ ಕೆಲವು ವಾರ ಮೊದಲಷ್ಟೇ ಮೈಸೂರಿನ ಡಾಕ್ಟರು ಬೆಳ್ಳಿಯ ರಕ್ತ, ಮೂತ್ರ ಪರೀಕ್ಷಿಸಿ ಮೂತ್ರಪಿಂಡ ಸೋಲತೊಡಗಿದೆ ಎಂದಿದ್ದರು. ಇದು ಮೊದಲ ಹಂತ, ವಾಸಿಯಾಗುವುದಿಲ್ಲ, ಆದರೆ ಜೋಪಾನವಾಗಿ ನೋಡಿಕೊಂಡರೆ ವರ್ಷಗಟ್ಟಲೆ ಚೆನ್ನಾಗಿಯೇ ಇರಬಹುದು ಎಂದೂ ಹೇಳಿದ್ದರು. ನೀವು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲ ಕಲಿಸಿದಿರಿ. ಡಾಕ್ಟರು ಹೇಳಿದ ಊಟವನ್ನಷ್ಟೇ ಹಾಕಬೇಕು, ಅದಕ್ಕೂ ಬೆಚ್ಚಗಿನ ನೀರು ಬೆರೆಸಬೇಕು. ಒಣಮೀನು ತೋರಿಸಲೂ ಬಾರದು. ಮನೆಯ ಮೂರು ಕಡೆ ನೀರಿಡಬೇಕು, ಯಾವುದೂ ಬರಿದಾಗಬಾರದು. ಎರಡು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ.

ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, "ನೀನಿದ್ದೀಯ ಅನ್ನೋ ಧೈರ್ಯದ ಮ್ಯಾಲೆ ಓಯ್ತಾ ಇವ್ನಿ ಕಣವ್ವ," ಎಂದಿರಿ.

ಮೊದಲ ವಾರ ಎಲ್ಲವನ್ನೂ ಸರಿಯಾಗಿ ಮಾಡಿದೆ. ಆಮೇಲೆ ಒಂದು ಬೆಳಿಗ್ಗೆ ಬಟ್ಟಲು ಬರಿದಾಗಿತ್ತು. ಬೆಳ್ಳಿ ಅದರ ಮುಂದೆ ಕೂತು ನನ್ನನ್ನೇ ನೋಡುತ್ತಿತ್ತು. ನಾನು ಹುರುಳಿಕಾಯಿ ಹೆಚ್ಚುತ್ತಲೇ ಇದ್ದೆ.

ಏಕೆ ಎಂದು ಕೇಳುತ್ತೀರಿ. ನೀವು ಬೆಳ್ಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಮೈಸೂರಿಗೆ ಹೊರಟ ಆ ದಿನವೇ ನನ್ನ ಹೊಟ್ಟೆಯಲ್ಲಿದ್ದದ್ದು ನಿಲ್ಲದೆ ಹೋಯಿತು. ನಾನು ಬಚ್ಚಲಲ್ಲಿದ್ದೆ. ನೀವು ಬಾಗಿಲ ಹೊರಗೆ ನಿಂತು, ಹೋಗಿಬರುತ್ತೇನೆ ಎಂದಿರಿ. ಕರೆಯಬಹುದಿತ್ತು — ಕರೆಯಲಿಲ್ಲ. ನಾನು ಬಸುರಿ ಎಂಬುದೇ ನಿಮಗೆ ಗೊತ್ತಿರಲಿಲ್ಲ. ನಿಮ್ಮ ತಮ್ಮನಿಗೆ ಬಿಟ್ಟು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಂಜೆ ನೀವು ಬಂದು ಬೆಕ್ಕಿಗಾಗಿ ಅತ್ತಿರಿ. ಪಕ್ಕದಲ್ಲಿ ಕೂತಿದ್ದ ನಾನು ಆ ಅಳುವನ್ನು ಕ್ಷಮಿಸಲಿಲ್ಲ. ಇದು ನೆಪವಲ್ಲ, ಅತ್ತಿಗೆ. ನನಗೆ ಹೇಳಲಾಗದ ನೋವಿಗೆ ನಿಮ್ಮನ್ನು ತಪ್ಪಿತಸ್ಥರನ್ನಾಗಿ ಮಾಡಿ, ಶಿಕ್ಷೆಯನ್ನು ಒಂದು ಮೂಕಪ್ರಾಣಿಗೆ ಕೊಟ್ಟೆ.

ನಿಮ್ಮ ತಮ್ಮ ಪಾಂಡವಪುರಕ್ಕೆ ಕೆಲಸಕ್ಕೆ ಹೊರಟ ಕೂಡಲೇ ಮೂರು ಬಟ್ಟಲನ್ನೂ ಎತ್ತಿಡುತ್ತಿದ್ದೆ, ಅವರು ಬರುವ ಹೊತ್ತಿಗೆ ತುಂಬಿಸಿಡುತ್ತಿದ್ದೆ. ಬೆಳ್ಳಿ ಬಚ್ಚಲಿನ ಒದ್ದೆ ನೆಲ ನೆಕ್ಕಲು ಕಲಿತಾಗ ಬಚ್ಚಲ ಬಾಗಿಲು ಹಾಕಿದೆ. ಡಾಕ್ಟರು ಹೇಳಿದ ಊಟವನ್ನು ತಿಪ್ಪೆಗೆ ಸುರಿದು ಒಣಮೀನು ಹಾಕಿದೆ. ಅದು ಎಷ್ಟು ಆಸೆಯಿಂದ ತಿಂದಿತೆಂದರೆ — ತಿಂದು ನನ್ನ ಕಾಲಿಗೆ ಮೈ ಉಜ್ಜುತ್ತಿತ್ತು. ನನ್ನನ್ನು ನಂಬಿತು. ಮಾರನೆಯ ದಿನವೂ ಒಣಮೀನನ್ನೇ ಹಾಕಿದೆ.

ನೀವು ದಿನವೂ ಫೋನು ಮಾಡುತ್ತಿದ್ದಿರಿ. ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಲೇ ಇಲ್ಲ. ಏನೂ ಹೆಚ್ಚುಕಮ್ಮಿಯಾಗಿಲ್ಲವಂತೆ ಎಂದು ಸುಳ್ಳು ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಚೆನ್ನಾಗವಳೆ ಅತ್ಗೆ. ನಿಮ್ನ ಮರ್ತೇ ಬುಟ್ಟವಳೆ," ಎಂದೆ. "ಒಳ್ಳೇದಾಯ್ತು ಬುಡು," ಎಂದು ನೀವು ಫೋನು ಇಟ್ಟುಬಿಟ್ಟಿರಿ. ಅದು ನನಗೆ ಹಿತವಾಗಿತ್ತು.

ಮೂರು ತಿಂಗಳಿಗೆ ಬೇರೆ ಮನೆ ಸಿಕ್ಕಿ ನೀವು ಬೆಳ್ಳಿಯನ್ನು ಕರೆದೊಯ್ಯಲು ಬಂದಿರಿ. ಅಷ್ಟರಲ್ಲಿ ಅದರ ಬೆನ್ನುಮೂಳೆ ಎಣಿಸುವಂತಿತ್ತು, ಬಾಯಿ ನಾರುತ್ತಿತ್ತು, ತಿಂದದ್ದೆಲ್ಲ ಕಕ್ಕುತ್ತಿತ್ತು. ಕೆಲವು ವಾರದಿಂದ ಇಳಿದುಹೋಗುತ್ತಿತ್ತು, ನೀವು ಗಾಬರಿಯಾಗುತ್ತೀರೆಂದು ಹೇಳಲಿಲ್ಲ ಎಂದೆ. ನೀವು ಹಾಗೇ ಎತ್ತಿಕೊಂಡು ಮೈಸೂರಿಗೆ ಓಡಿದಿರಿ. ಡ್ರಿಪ್ ಹಾಕಿದರು. ಮಾರನೆಯ ದಿನ ಅದು ನಿಮ್ಮ ತೊಡೆಯ ಮೇಲೆ ಸತ್ತಿತು. ಕೆಲವು ಬೆಕ್ಕುಗಳಲ್ಲಿ ಬೇಗ ಮುಂದುವರಿಯುತ್ತದೆ ಎಂದರಂತೆ ಡಾಕ್ಟರು — ನಡೆದದ್ದು ಅವರಿಗೆ ಹೇಗೆ ಗೊತ್ತಾಗಬೇಕು.

ಮನೆಗೆ ಬಂದು ನನ್ನ ಹೆಗಲಿಗೆ ತಲೆಯಿಟ್ಟು ಹೇಳಿದಿರಿ: "ನಾನೇ ಬುಟ್ಟೋಗ್ಬಾರ್ದಿತ್ತು. ನೀನೇನ್ ಮಾಡೀಯೆ, ನಿನ್ ಕೈಲಾದ್ದೆಲ್ಲ ಮಾಡ್ದೆ."

ನಿಮ್ಮ ಬೆನ್ನು ಸವರಿದೆ. ಹೇಳಲು ನಾಚಿಕೆಯಾಗುತ್ತದೆ — ಕೊನೆಗೂ ನನ್ನನ್ನು ಅಪ್ಪಿಕೊಂಡು ಅತ್ತಿರಲ್ಲ ಎಂದು ನನಗೆ ಸಮಾಧಾನವಾಗಿತ್ತು.

ನಾಲ್ಕು ವರ್ಷವಾಯಿತು. ಬಿಟ್ಟುಹೋದದ್ದೇ ತಪ್ಪು ಎಂದು ನೀವು ಈಗಲೂ ನಿಮ್ಮನ್ನೇ ಬೈದುಕೊಳ್ಳುತ್ತೀರಿ. ಪ್ರತಿ ಸಲವೂ ನಾನು ಮಾತು ಬದಲಿಸಿದ್ದೇನೆ.

ಮೊನ್ನೆ ನೀವು ಫೋನು ಮಾಡಿದಿರಿ. ನಾಗಮಂಗಲದಲ್ಲಿ ನೀವು ಸಾಕಿಕೊಂಡಿರುವ ಬೆಕ್ಕಿಗೂ ಅದೇ ಕಾಯಿಲೆ, ಮೊದಲ ಹಂತದಲ್ಲೇ ಸಿಕ್ಕಿದೆಯಂತೆ. ನಿಮ್ಮ ಕಣ್ಣಿನ ಆಪರೇಷನ್ ಮುಗಿದು ಸುಧಾರಿಸಿಕೊಳ್ಳುವವರೆಗೆ ನನ್ನ ಹತ್ತಿರ ಬಿಡುತ್ತೀರಂತೆ. "ನಿನ್ನಂಗೆ ನೋಡ್ಕಳೋರು ಇನ್ಯಾರವ್ರೆ," ಎಂದಿರಿ. ಭಾನುವಾರ ತನ್ನಿ ಎಂದುಬಿಟ್ಟೆ. ಆಗಲೂ ನಿಜ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತರಬೇಡಿ, ಅತ್ತಿಗೆ. ಈಗ ನಾನು ಬದಲಾಗಿದ್ದೇನೆ ಎಂದು ಎರಡು ಸಲ ಬರೆದು ಹೊಡೆದುಹಾಕಿದೆ. ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ — ಪರೀಕ್ಷಿಸಿ ನೋಡಲು ಇನ್ನೊಂದು ಜೀವ ಬೇಡ.