ನಾನು ಓಡಿಹೋಗುವ ವಿಷಯ

ಎದುರಿನವರ ಮಾತಿನ ಕೊನೆಯನ್ನು ನಾನೇ ಹೇಳಿಬಿಡುವ ಕೆಟ್ಟ ಚಟ ನನಗಿದೆ. ಅವರು "ನಿನ್ನೆ ಮಾರತ್ತಹಳ್ಳಿ ಸೇತುವೆ ಹತ್ರ..." ಎನ್ನುವಷ್ಟರಲ್ಲಿ ನಾನು "ಟ್ರಾಫಿಕ್ಕಾ?" ಎಂದಿರುತ್ತೇನೆ. ಪಾಪ, ಅವರು ಹೇಳಹೊರಟಿದ್ದು ಹಳೆಯ ಗೆಳತಿ ಸಿಕ್ಕ ಸುದ್ದಿ. ಲಿಫ್ಟಿನ ಗುಂಡಿಯನ್ನು ನಾಲ್ಕು ಸಲ ಒತ್ತುತ್ತೇನೆ. ಕುಕ್ಕರಿನ ಮೂರನೆಯ ಕೂಗಿಗೆ ಕಾಯಲಾರದೆ ಒಲೆ ಆರಿಸಿ ಅರೆಬೆಂದ ಬೇಳೆ ತಿಂದವಳು ನಾನು. ಕೂತಲ್ಲಿ ಎರಡೂ ಕಾಲು ತಮ್ಮ ಪಾಡಿಗೆ ಕುಣಿಯುತ್ತಿರುತ್ತವೆ. ಇಂಥವಳು ಹೆವಿ ಮೆಟಲ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದೆ ಎಂದರೆ ಕೇಳಿದವರು, "ಸರಿಹೋಯ್ತು, ನಿಮ್ಮ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು" ಎನ್ನುತ್ತಾರೆ. ಅಲ್ಲೇ ಇರುವುದು ತೊಂದರೆ.

ಚಡಪಡಿಕೆಗೂ ಚರ್ಮವಾದ್ಯಕ್ಕೂ ಏನೋ ನಂಟಿರುವುದು ಕನ್ನಡಕ್ಕೆ ಮೊದಲೇ ಗೊತ್ತಿತ್ತು ಅಂತ ನನ್ನ ಅನುಮಾನ. ಚಡಪಡ, ಗಡಿಬಿಡಿ, ದಡಬಡ, ಧಡಧಡ: ಇವನ್ನು ಜೋರಾಗಿ ಹೇಳಿ ನೋಡಿ, ಡ್ರಮ್ಮಿನ ಮೊದಲ ಪಾಠ ಆಗಿಯೇ ಹೋಯಿತು. "ಸಮಾಧಾನ" ಎಂಬ ಪದವನ್ನು ಬಾರಿಸಲು ಪ್ರಯತ್ನಿಸಿ. ಕೋಲು ಎಲ್ಲಿ ಹೊಡೆಯಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಲ್ಲುತ್ತದೆ.

ನನ್ನ ಸಂಗೀತದ ಹಿನ್ನೆಲೆ ಏನು ಎಂದು ಯಾರಾದರೂ ಕೇಳಿದರೆ ನಾನು ಗಂಭೀರವಾಗಿ ಬಸಣ್ಣ ಮಾಮನ ಹೆಸರು ಹೇಳುತ್ತೇನೆ. ಅಮ್ಮನ ತಮ್ಮ. ದಾವಣಗೆರೆ ಕಡೆ ಮದುವೆ, ಗೃಹಪ್ರವೇಶಗಳಲ್ಲಿ ವೀರಗಾಸೆಯವರ ಜೊತೆ ಸಮಾಳ ಬಾರಿಸುತ್ತಿದ್ದವನು. ಸೊಂಟಕ್ಕೆ ಕಟ್ಟಿದ ಜೋಡಿ ವಾದ್ಯ, ಕೈಯಲ್ಲಿ ಎರಡು ಕೋಲು, ಹಣೆಯ ತುಂಬ ವಿಭೂತಿ. ಅವನು ಬಾರಿಸತೊಡಗಿದರೆ ನಾನು ಊಟದ ಪಂಕ್ತಿಯಿಂದ ಎದ್ದು ಓಡುತ್ತಿದ್ದೆ. ಆಮೇಲೆ ಶಾಲೆಯ ಬ್ಯಾಂಡಿನಲ್ಲಿ ಕೊರಳಿಗೆ ಸೈಡ್ ಡ್ರಮ್ ಬಿತ್ತು. ಆಗಸ್ಟ್ ಹದಿನೈದಕ್ಕೆ ನನ್ನ ಹಿಂದೆ ನಡೆಯುತ್ತಿದ್ದ ಇಡೀ ಏಳನೇ ತರಗತಿ ಧ್ವಜಸ್ತಂಭ ತಲುಪುವಷ್ಟರಲ್ಲಿ ಅರ್ಧ ಓಡುತ್ತಿತ್ತು. ಪಿ.ಟಿ. ಮೇಷ್ಟ್ರು ಹುಡುಗರಿಗೆ ಬೈದರು. ತಪ್ಪು ನನ್ನದು ಅಂತ ಯಾರಿಗೂ ಹೊಳೆಯಲಿಲ್ಲ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನ ಗೆಳತಿಯೊಬ್ಬಳು ತನ್ನ ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟಳು. ಗಿಟಾರು ಗರಗಸದಂತೆ ಕೊಯ್ಯುತ್ತಿತ್ತು, ಹಾಡುವವನು ಯಾರ ಮೇಲೋ ಜಗಳಕ್ಕೆ ಹೊರಟಂತಿದ್ದ. ಅದರ ಅಡಿಯಲ್ಲಿ ಮಾತ್ರ ಇಬ್ಬರು ಬಸಣ್ಣ ಮಾಮಂದಿರು ಒಟ್ಟಿಗೇ ಬಾರಿಸುತ್ತಿರುವಂತೆ ಡ್ರಮ್ಮು. ಗೆಳತಿ ವಾಪಸ್ ಕೇಳಿದರೂ ಆ ಹೆಡ್‌ಫೋನ್ ಕೊಡಲಿಲ್ಲ.

ಕೆಲಸ ಸಿಕ್ಕಿದ್ದು ವೈಟ್‌ಫೀಲ್ಡಿನಲ್ಲಿ, ಮನೆ ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ. ತಂಡ ಮಾತ್ರ ಊರಿನ ಇನ್ನೊಂದು ತುದಿಯ ಮಾಕಳಿಯಲ್ಲಿ. ಗಿಟಾರ್ ನುಡಿಸುವ ಕಿರಣನ ಮನೆಯವರು ಅಲ್ಲಿಯ ಹಳಬರು; ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ ಕಟ್ಟಿ ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಒಂದು ಶೆಡ್ಡು ನಮಗೆ. ಪಕ್ಕದಲ್ಲಿ ತಗಡು ಒತ್ತುವ ಯಂತ್ರ. ಸದ್ದಾಗುತ್ತದೇನೋ ಎಂದು ನಾನು ಸಂಕೋಚಪಟ್ಟಾಗ ಕಿರಣನ ತಂದೆ, "ಇನ್ನೊಂದ್ ಮಿಷನ್ ಬಂತು ಅಂದ್ಕೊತೀವಿ ಬಿಡವ್ವ" ಎಂದರು. ಶನಿವಾರ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆ. ಉಳಿದ ದಿನ ಬೆಳಿಗ್ಗೆ ಆರರಿಂದ ಏಳರವರೆಗೆ ಮಲಗುವ ಕೋಣೆಯಲ್ಲಿ ಅಭ್ಯಾಸ: ಹಲಗೆಗೆ ಅಂಟಿಸಿದ ಹಳೆಯ ಮೌಸ್ ಪ್ಯಾಡುಗಳ ಮೇಲೆ ಕೈ, ಮಡಿಸಿದ ಕಂಬಳಿಯ ಮೇಲೆ ಕಾಲಿನಿಂದ ಒದೆಯುವ ಎರಡು ಪೆಡಲು. ಮೆಟ್ರೊನೋಮ್ ಎಂಬ ಟಿಕ್‌ಟಿಕ್ ಯಂತ್ರವೊಂದಿತ್ತು. ಅದರ ಸದ್ದು ನನ್ನ ವೇಗಕ್ಕೆ ಅಡ್ಡ ಬರುತ್ತದೆಂದು ಆರಿಸಿಡುತ್ತಿದ್ದೆ.

ಆ ಹೊತ್ತಿಗೆ ಅಪ್ಪಾಜಿ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತರಾಗಿ ಅಮ್ಮನೊಂದಿಗೆ ನನ್ನ ಮನೆಗೆ ಬಂದರು. ತಂಡದ ಸುದ್ದಿ ಎತ್ತದೆ, ಬಾಗಿಲು ಹಾಕಿಕೊಂಡು ವ್ಯಾಯಾಮ ಮಾಡುತ್ತೇನೆ ಅಂತ ಹೇಳಿದೆ, ಸುಳ್ಳೇನಲ್ಲ. ತಿಂಗಳಾಗುವಷ್ಟರಲ್ಲಿ ಕೆಳಮನೆಯ ಶಾರದಮ್ಮ ಬಂದು, "ಬೇಜಾರ್ ಮಾಡ್ಕೊಬೇಡಿ ಸಾರ್, ನಿಮ್ಮ ವಾಷಿಂಗ್ ಮಿಷನ್ ದಿನಾ ಬೆಳಗ್ಗೆ ಒಂದು ಗಂಟೆ ಹೊಡ್ಕೊಳತ್ತೆ" ಎಂದರು. ಅಪ್ಪಾಜಿಗೆ ಪ್ರಯೋಗವೊಂದು ಸಿಕ್ಕಿತು. ಮಿಷನ್ನಿನ ಕಾಲಡಿ ರಬ್ಬರು ಇಟ್ಟರು. ರಿಪೇರಿಯವನನ್ನು ಕರೆಸಿದರು, ಅವನು ಕಿವಿಯಿಟ್ಟು ಕೇಳಿ, "ಸಾರ್, ಇದು ಆನ್ ಆಗೇ ಇಲ್ಲ" ಎಂದು ಹೊರಟುಹೋದ.

ಅದೇ ವಾರ ತಂಡದಲ್ಲಿ ನನ್ನ ಕುತ್ತಿಗೆಗೆ ಬಂದಿತ್ತು. ವೈಟ್‌ಫೀಲ್ಡಿನ ಒಂದು ಪಬ್ಬಿನಲ್ಲಿ ನಮಗೆ ಮೊದಲ ಕಾರ್ಯಕ್ರಮ ಸಿಕ್ಕಿತ್ತು, ಅದಕ್ಕೆ ಇನ್ನು ಮೂರು ವಾರ ಇತ್ತು. ಕಿರಣ ಫೋನಿನಲ್ಲಿ ಹೇಳಿದ: "ಗಿರಿಜಾ, ಬೇಜಾರಾಗ್ಬೇಡ ಮಚ್ಚಾ. ಹಾಡು ಶುರು ಮಾಡಿದ ಸ್ಪೀಡಲ್ಲಿ ನೀನು ಮುಗಿಸಲ್ಲ. ನಾವು ನಿನ್ನ ಹಿಂದೆ ಬಿದ್ದು ಓಡ್ಬೇಕು. ಸರಿಹೋಗ್ಲಿಲ್ಲ ಅಂದ್ರೆ ಬೇರೆ ಒಬ್ಬನ್ನ ಕೇಳಿದೀನಿ."

ನನಗೆ ಅಳು ಬಂತು. ಸಿಟ್ಟೂ ಬಂತು. "ನಾನು ಓಡಿಹೋಗ್ತೀನಿ ಅಂತ ನಂಗೂ ಗೊತ್ತು ಕಣೋ! ತಡ್ಕೊಳಕ್ಕೇ ಆಗಲ್ಲ. ಮೂರು ವಾರ ಟೈಮ್ ಕೊಡು ಕಿರಣ್" ಎಂದು ಫೋನಿಟ್ಟು ತಿರುಗಿದರೆ, ಬಾಗಿಲಲ್ಲಿ ಕಾಫಿ ಲೋಟ ಹಿಡಿದ ಅಮ್ಮ.

ಲೋಟ ಬೀಳಲಿಲ್ಲ. ಅಮ್ಮನೇ ಗೋಡೆ ಹಿಡಿದು ಕೂತಳು. "ಏನ್ರೀ, ಬರ್ರೀ ಇಲ್ಲಿ. ಇಕಿ ಓಡಿಹೋಗ್ತಾಳಂತೆ! ಮೂರು ವಾರ ಟೈಮ್ ಐತಂತೆ!"

ಅಪ್ಪಾಜಿ ಪೂಜೆಯ ನಡುವೆ ಎದ್ದು ಬಂದರು. ನಾನು ಹೇಳಿದ್ದೆಲ್ಲ ಹಿಂದುಮುಂದಾಗಿ ಬಂತು. ಕೊನೆಗೆ ಮಂಚದ ಕೆಳಗಿಂದ ಹಲಗೆ, ಪೆಡಲು ಎಳೆದು ತೋರಿಸಿದೆ. ಅಮ್ಮನಿಗೆ ಹೋದ ಜೀವ ಬಂದಂತಾಯಿತು.

"ಬಡಿಯೋದಾ? ಅಷ್ಟೇನಾ?" ಎಂದಳು. "ಹೆವಿ ಮೆಟಲ್ ಅಂದ್ರೆ ಪೀಣ್ಯದಾಗೆ ಏನರ ಕಂಪನಿನಾ?"

ಬೇರೆ ಯಾವ ದಿನ ಹೇಳಿದ್ದರೂ ವಾರಗಟ್ಟಲೆ ಮೌನ ಆಚರಿಸುತ್ತಿದ್ದ ನನ್ನ ತಾಯಿ, ಮಗಳು ಓಡಿಹೋಗುತ್ತಿಲ್ಲ ಎಂಬ ಖುಷಿಯಲ್ಲಿ ಅವತ್ತು ಶಾವಿಗೆ ಪಾಯಸ ಮಾಡಿದಳು.

ಅಪ್ಪಾಜಿಗೆ ಆದದ್ದು ಬೇರೆ. ವಾಷಿಂಗ್ ಮಿಷನ್ನಿನ ಗುಟ್ಟು ಬಯಲಾಯಿತಲ್ಲ ಎಂಬ ತೃಪ್ತಿ ಮುಖದಲ್ಲಿತ್ತು. ಮಾರನೆಯ ದಿನ ಆರಕ್ಕೆ ಕುರ್ಚಿ ಎಳೆದುಕೊಂಡು ನನ್ನ ಕೋಣೆಯಲ್ಲಿ ಕೂತರು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು. ಐದು ನಿಮಿಷ ಬಾರಿಸಿದೆ.

"ಮೊದಲ್ನೇ ನಿಮಿಷ ನೂರಿಪ್ಪತ್ತು ಪೆಟ್ಟು. ಐದನೇದು ನೂರಾ ನಲವತ್ತೊಂದು."

"ನೀವೂ ಕಂಪ್ಲೇಂಟ್ ಮಾಡ್ಬೇಡಿ ಅಪ್ಪಾಜಿ!"

"ಕಂಪ್ಲೇಂಟ್ ಅಲ್ಲವ್ವ, ರೀಡಿಂಗು."

ಕೋಲು ಮಂಚದ ಮೇಲೆ ಎಸೆದು ಆಫೀಸಿಗೆ ಹೋದೆ. ಮರುದಿನ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಅವರು ಇದ್ದರು. ಬಯ್ಯುವವರ ಜೊತೆ ಜಗಳ ಆಡಬಹುದು. ಬರೀ ಅಂಕಿ ಹೇಳುವವರ ಜೊತೆ ಹೇಗೆ ಆಡುವುದು? ಅವರೇ ಮೆಟ್ರೊನೋಮ್ ಹುಡುಕಿ ತೆಗೆದು ಅರವತ್ತಕ್ಕೆ ಇಟ್ಟರು. ಸೆಕೆಂಡಿಗೆ ಒಂದು ಪೆಟ್ಟು. ನಿಮಗೆ ಸುಲಭ ಅನ್ನಿಸೀತು. ನನಗೆ ಅದು ಇರುವೆ ಸಾಲಿನ ಮೇಲೆ ನಿಂತು ಕಾಲು ಕದಲಿಸಬೇಡ ಅಂದಂತೆ. ಒಂದು ಪೆಟ್ಟು ಬಿದ್ದ ಮೇಲೆ ಇನ್ನೊಂದು ಬರುವಷ್ಟರಲ್ಲಿ ಆಫೀಸಿನ ಮೂರು ಮೇಲ್ ನೆನಪಾಗುತ್ತಿದ್ದವು, ಬೆನ್ನು ತುರಿಸುತ್ತಿತ್ತು, ಎಡಗಾಲು ಯಾರ ಅಪ್ಪಣೆಯನ್ನೂ ಕೇಳದೆ ಮೊದಲೇ ಒದೆಯುತ್ತಿತ್ತು. ಎರಡನೇ ವಾರ ತಡೆಯಲಾರದೆ ಬಸಣ್ಣ ಮಾಮನಿಗೆ ಫೋನ್ ಮಾಡಿ, ನೀನು ಓಡುತ್ತಿರಲಿಲ್ಲವೇ ಎಂದು ಕೇಳಿದೆ.

"ಓಡಿದ್ರೆ ಕುಣಿಯೋರು ಬೀಳ್ತಾರಲ್ಲವ್ವ," ಎಂದ. "ನಾನು ನನ್ನ ಕೈ ನೋಡ್ತಿರ್ಲಿಲ್ಲ. ಅವರ ಕಾಲು ನೋಡ್ತಿದ್ದೆ."

ನಾನು ಇಷ್ಟು ವರ್ಷ ಯಾರ ಕಡೆ ನೋಡಿದ್ದೆ? ಕಿರಣನ ಬೆರಳುಗಳು ಹೇಗಿವೆ ಎಂದು ಕೇಳಿದ್ದರೆ ನನಗೆ ಗೊತ್ತಿರಲಿಲ್ಲ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ ಇತ್ತು. ಅಪ್ಪಾಜಿ, ಅಮ್ಮ ಬಂದು ಹಿಂದಿನ ಮೇಜಿನಲ್ಲಿ ನಿಂಬೆ ಸೋಡಾ ತರಿಸಿ ಕೂತರು, ಕಿವಿಗೆ ಹತ್ತಿ. ಸುತ್ತ ಕರಿ ಅಂಗಿ ತೊಟ್ಟ, ಉದ್ದ ಕೂದಲಿನ ಹುಡುಗರು ಅವರಿಗೆ ಬಹಳ ಗೌರವದಿಂದ ಜಾಗ ಬಿಟ್ಟಿದ್ದರು. ಮೊದಲ ಎರಡು ಹಾಡು ಹೇಗೋ ದಾಟಿದವು. ಮೂರನೆಯದರಲ್ಲಿ ನನ್ನ ಎಡಗಾಲು ಮತ್ತೆ ಅವಸರ ಮಾಡತೊಡಗಿತ್ತು. ಕಿರಣ ತಿರುಗಿ ನೋಡಿದ. ಅಷ್ಟರಲ್ಲಿ ಕರೆಂಟು ಹೋಯಿತು.

ಗಿಟಾರುಗಳು ಸತ್ತವು. ಹಾಡುವವನ ಬಾಯಿ ಆಡುತ್ತಿತ್ತು, ದನಿಯಿಲ್ಲ. ಇಡೀ ಪಬ್ಬಿನಲ್ಲಿ ಉಳಿದದ್ದು ಕರೆಂಟು ಬೇಡದ ಒಂದೇ ವಾದ್ಯ, ಅದರ ಹಿಂದೆ ನಾನು. ಕೈ ತುರಿಸಿತು. ಇದಕ್ಕಿಂತ ಒಳ್ಳೆಯ ಅವಕಾಶ ಯಾವ ಡ್ರಮ್ಮರಿಗೆ ಸಿಕ್ಕೀತು! ಎಲ್ಲ ಕೈಚಳಕ ತೋರಿಸಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಕಿರಣ ಸದ್ದಿಲ್ಲದ ತಂತಿಗಳ ಮೇಲೆ ಇನ್ನೂ ಬೆರಳಾಡಿಸುತ್ತಿದ್ದ, ಹಾಡಿನಲ್ಲಿ ತನ್ನ ಜಾಗ ತಪ್ಪದಿರಲಿ ಎಂದು. ನಾನು ಆ ಬೆರಳುಗಳನ್ನು ನೋಡಿದೆ. ಅವು ಓಡಬಾರದು, ಬೀಳಬಾರದು. ಅಷ್ಟೇ ಯೋಚನೆ. ಬರೀ ತಾಳ ಹಿಡಿದೆ. ಎಡ, ಬಲ, ಎಡ, ಬಲ. ಮಬ್ಬಿನಲ್ಲಿ ಆ ಹುಡುಗರ ತಲೆಗಳು ನಿಧಾನಕ್ಕೆ ಆಡತೊಡಗಿದವು. ಎಷ್ಟು ಹೊತ್ತೋ ಗೊತ್ತಿಲ್ಲ. ಜನರೇಟರ್ ಗುರ್ ಎಂದಿತು, ದೀಪ ಬಂತು, ಎರಡೂ ಗಿಟಾರು ಸರಿಯಾಗಿ ತಾಳದ ಮೊದಲ ಪೆಟ್ಟಿಗೇ ಬಂದು ನನ್ನ ಜೊತೆ ಸೇರಿದವು. ಜನ ಕೂಗಿಕೊಂಡರು.

ಇಳಿದ ಮೇಲೆ ಕಿರಣ, "ಬೇರೆಯವನಿಗೆ ಬೇಡ ಅಂತೀನಿ ಮಚ್ಚಾ" ಎಂದು ಹೆಗಲು ತಟ್ಟಿದ. ಮುಂದೆ ಮೂರು ವರ್ಷ ಆ ತಂಡದಲ್ಲಿದ್ದೆ. ಅಪ್ಪಾಜಿ ಮಾತ್ರ ಆಟೋದಲ್ಲಿ, ಬಹಳ ಯೋಚಿಸಿ ತಮ್ಮ ಅಭಿಪ್ರಾಯ ಕೊಟ್ಟರು: "ಕರೆಂಟ್ ಹೋದಾಗ ಭಾಳ ಚಂದಿತ್ತವ್ವ. ಉಳಿದೋರೆಲ್ಲ ಸುಮ್ನಿದ್ರಲ್ಲ."

ಅವರಿಗೆ ನಾನು ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಆ ಮಬ್ಬಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಜಾಗವಿದೆ, ಒಬ್ಬಳು ಆರಾಮಾಗಿ ಕೂರುವಷ್ಟು ದೊಡ್ಡದು ಎಂದು ನನಗೆ ಮೊದಲ ಸಲ ಕಂಡಿತು. ಬೆಂಗಳೂರಿನಲ್ಲಿ ಕರೆಂಟು ಹೋದಾಗಲೆಲ್ಲ ಎಲ್ಲರಂತೆ ನಾನೂ ಶಪಿಸಿದ್ದೇನೆ. ಜನರೇಟರ್ ಶುರುವಾದದ್ದಕ್ಕೆ ಶಪಿಸಿದ್ದು ಅದೊಂದೇ ಸಲ.